ಹುಡಿಹಿಮದಲ್ಲಿ ಎರಡು ದಿನ

ಬಾರ್ಕೂರಿನವನೊಬ್ಬ ಹಿಮದ ವಿಷಯ ಮಾತನಾಡಹೊರಟರೆ ನೀವು ನಗಬಹುದು, ನಗಬೇಕಾದ್ದೇ. ನಮ್ಮೂರಿನಲ್ಲಿ ಹೆಜ್ಜೆಗೊಂದು ದೇವಸ್ಥಾನ ಉಂಟು, ಕತ್ತಲೆ ಬಸದಿ ಉಂಟು, ಹಳೆಯ ಕೋಟೆಯ ದಿಬ್ಬ ಉಂಟು, ಕೆರೆಗಳುಂಟು, ಸಮೀಪದಲ್ಲೇ ಸೀತಾನದಿ ಉಂಟು. ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಹೊಯ್ಯುವ ಮಳೆಯಂತೂ ಉಂಟೇ ಉಂಟು. ಇಲ್ಲದಿರುವುದು ಚಳಿಯೊಂದೇ. ಬೆಳಗಿನ ಇಬ್ಬನಿಯನ್ನೇ ಮಂಜೆಂದು ಕರೆದು, ಮಾಗಿಯ ನಾಲ್ಕು ದಿನ ಕಿವಿಗೆ ಬೈರಾಸು ಸುತ್ತಿಕೊಂಡು, "ಏನು ಚಳಿ, ಏನು ಚಳಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ತೃಪ್ತರಾಗುವ ಜನ ನಾವು.

ಆದರೆ ಬ್ಯಾಂಕಿನ ಚಾಕರಿ ಎಂಬುದು ಕರಾವಳಿಯ ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಒಯ್ದು ಇಳಿಸುತ್ತದೆ. 1906ರಿಂದ 1931ರೊಳಗೆ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. ಹುಟ್ಟಿದವು ಮಾತ್ರವಲ್ಲ, ಬೆಳೆದು ದೇಶವನ್ನೆಲ್ಲ ವ್ಯಾಪಿಸಿದವು. ಅಂಥದೊಂದು ಬ್ಯಾಂಕಿನ ಬೆನ್ನುಹತ್ತಿ ಹೊರಟ ನಾನು 2021ರಲ್ಲಿ ಹೆಂಡತಿ ಮಗಳೊಡನೆ ಶ್ರೀನಗರಕ್ಕೆ ಮುಟ್ಟಿದೆ. ಹೊರಡುವ ದಿನ ನನ್ನ ತಾಯಿ ಹೇಳಿದ್ದು ಒಂದೇ ಮಾತು: "ನೀನು ಎಲ್ಲಿಗೆ ಬೇಕಾದರೂ ಹೋಗು, ಮಗುವನ್ನು ಹಿಮದ ಹತ್ತಿರ ಬಿಡಬೇಡ." ಹಿಮವೆಂದರೆ ಬಾವಿಯ ಹಾಗೆ, ಕಟ್ಟೆಯಿಂದ ದೂರ ನಿಂತರೆ ಸಾಕು ಎಂದು ಅವರು ತಿಳಿದಿರಬೇಕು. ಅದು ಮನೆಯ ಮಾಡಿನ ಮೇಲೂ ಅಂಗಳದಲ್ಲೂ ಬಂದು ಕೂಡುವ ವಸ್ತುವೆಂಬುದು ನಮಗೂ ಆಗ ಗೊತ್ತಿರಲಿಲ್ಲ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಘೋರ ಚಳಿಗೆ 'ಚಿಲ್ಲೈ ಕಲಾನ್' ಎಂದು ಹೆಸರು. ನಲ್ಲಿಯ ನೀರು ಕೊಳವೆಯಲ್ಲೇ ಗಟ್ಟಿಯಾಗುತ್ತದೆ. ದಾಲ್ ಸರೋವರದ ಅಂಚು ಹೆಪ್ಪುಗಟ್ಟುತ್ತದೆ. ಜನರು ಫೆರನ್ ಎಂಬ ದೊಗಳೆ ನಿಲುವಂಗಿಯೊಳಗೆ ಕಾಂಗಡಿ ಎಂಬ ಕೆಂಡದ ಬುಟ್ಟಿ ಹಿಡಿದು ತಿರುಗುತ್ತಾರೆ. ನಮಗೆ ಬೇಸಗೆಯಲ್ಲಿ ಶಾಲೆಗೆ ರಜೆಯಾದರೆ ಅವರಿಗೆ ಚಳಿಗಾಲದಲ್ಲಿ. ಮನೆಯೊಳಗೆ ಕೂತು ಬೇಸತ್ತ ಮಗಳನ್ನು ಮೊದಲ ವರ್ಷವೇ ಗುಲ್ಮಾರ್ಗಿನಲ್ಲಿ ಮಕ್ಕಳಿಗೆ ಸ್ಕೀ ಕಲಿಸುವ ಒಂದು ಶಿಬಿರಕ್ಕೆ ಸೇರಿಸಿದೆವು. ಅಜ್ಜಿಗೆ ತಿಳಿಸಲಿಲ್ಲ.

ಸ್ಕೀ ಎಂದರೇನೆಂದು ಕೇಳುವಿರಾದರೆ, ಎರಡು ಉದ್ದನೆಯ ಕಿರಿದಾದ ಹಲಗೆಗಳು. ಮುಂಭಾಗ ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿರುತ್ತದೆ. ಕಲ್ಲಿನಂಥ ಗಟ್ಟಿ ಬೂಟನ್ನು ಅದಕ್ಕೆ ಕಚ್ಚಿಸಿ, ಕೈಯಲ್ಲಿ ಎರಡು ಕೋಲು ಹಿಡಿದು ಹಿಮದ ಇಳಿಜಾರಿನಲ್ಲಿ ಜಾರುವುದು. ಮನುಷ್ಯನ ಭಾರ ಎರಡು ಪಾದಗಳ ಬದಲು ಇಷ್ಟುದ್ದದ ಹಲಗೆಗಳ ಮೇಲೆ ಹಂಚಿಹೋಗುವುದರಿಂದ ಅವನು ಹಿಮದಲ್ಲಿ ಹೂತುಹೋಗುವುದಿಲ್ಲ. ಇದರಲ್ಲಿ ನನಗೆ ಹೊಸತೇನೂ ಕಾಣಲಿಲ್ಲ. ನಾನು ಚಿಕ್ಕವನಿದ್ದಾಗ ನಾಟಿಗೆ ಮೊದಲು ಗದ್ದೆಯ ಕೆಸರನ್ನು ಮಟ್ಟಮಾಡುವುದಕ್ಕೆ ನಮ್ಮ ತಂದೆ ಕೋಣಗಳಿಗೆ ಹಲಗೆ ಕಟ್ಟುತ್ತಿದ್ದರು. ಹಲಗೆಗೆ ಭಾರ ಬೇಕಲ್ಲ. ನನ್ನನ್ನು ಅದರ ಮೇಲೆ ತಮ್ಮ ಕಾಲುಗಳ ನಡುವೆ ಕೂರಿಸಿಕೊಳ್ಳುತ್ತಿದ್ದರು. ಕೆಸರುನೀರು ಎರಡೂ ಬದಿಗೆ ರೆಕ್ಕೆಯಂತೆ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ಕಂಬಳದಲ್ಲಿ ಹಲಗೆಯ ಮೇಲೆ ನಿಂತು ಓಡಿಸುವವರನ್ನು ನೀವು ಕಂಡಿದ್ದರೆ ನಾನು ಹೇಳುವುದು ಅರ್ಥವಾದೀತು. ಗದ್ದೆಯ ಕೆಲಸ ಮುಗಿದರೆ ಅಡಿಕೆ ಹಾಳೆ. ಒಬ್ಬ ಕೂರುವುದು, ಇನ್ನೊಬ್ಬ ಎಳೆಯುವುದು. ಕೋಟೆಯ ದಿಬ್ಬದಿಂದ ಕೆಳಗೆ ಹಾಳೆಯಲ್ಲಿ ಜಾರಿ ಚಡ್ಡಿ ಹರಿದುಕೊಂಡವರಲ್ಲಿ ನಾನೂ ಒಬ್ಬ. ನನ್ನ ಮಗಳನ್ನು ನಾಲ್ಕು ವರ್ಷದವಳಿರುವಾಗ ಅದೇ ದಿಬ್ಬದ ಬುಡದಲ್ಲಿ ಹಾಳೆಯ ಮೇಲೆ ಕೂರಿಸಿ ಎಳೆದದ್ದೂ ಉಂಟು. ಗುಲ್ಮಾರ್ಗಿನಲ್ಲಿ ಪ್ರವಾಸಿಗಳನ್ನು ಮರದ ಜಾರುಬಂಡಿಯ ಮೇಲೆ ಕೂರಿಸಿ ಆಳುಗಳು ಎಳೆಯುವುದನ್ನು ಮೊದಲ ಸಲ ಕಂಡಾಗ ಅವಳು, "ಇದು ನಮ್ಮ ಹಾಳಿ ಆಟವೇ" ಎಂದಳು. ಅಂದಿನಿಂದ ನನ್ನ ಅಂಜಿಕೆ ಅರ್ಧ ಕಡಿಮೆಯಾಯಿತು.

ಉಳಿದರ್ಧದ ಕಥೆ ಈಗ ಹೇಳುತ್ತೇನೆ.

2023ರ ಜನವರಿ 28, ನಾಲ್ಕನೆಯ ಶನಿವಾರ, ಬ್ಯಾಂಕಿಗೆ ರಜೆ. ಮಗಳಿಗೆ ಹನ್ನೆರಡು ವರ್ಷ, ಎರಡು ಚಳಿಗಾಲದ ಅಭ್ಯಾಸ. ನನಗೆ ನಲವತ್ತಾರು, ಒಟ್ಟು ಆರು ದಿನದ ಅಭ್ಯಾಸ. ಶ್ರೀನಗರದಿಂದ ಗುಲ್ಮಾರ್ಗಿಗೆ ಐವತ್ತು ಕಿಲೋಮೀಟರು. ತಂಗ್‌ಮಾರ್ಗಿನಿಂದ ಮುಂದೆ ಹದಿಮೂರು ಕಿಲೋಮೀಟರು ಘಟ್ಟ. ಚಕ್ರಗಳಿಗೆ ಸರಪಳಿ ಕಟ್ಟಿಕೊಂಡು ಹತ್ತಬೇಕು. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿಂದ ತಂತಿಯ ಮೇಲೆ ತೂಗುವ ಗಂಡೋಲಾ ಪೆಟ್ಟಿಗೆಗಳು ಕೊಂಗ್‌ದೂರಿಗೂ, ಅಲ್ಲಿಂದ ಇನ್ನೂ ಮೇಲೆ ಅಫರ್ವತ್ ಬೆಟ್ಟದ ಹೆಗಲಿಗೂ ಜನರನ್ನು ಒಯ್ಯುತ್ತವೆ. ಕೆಳಗಿನ ಹಂತ 1998ರಲ್ಲಿಯೂ ಮೇಲಿನದು 2005ರಲ್ಲಿಯೂ ಪ್ರಾರಂಭವಾದವು. ಮೇಲಿನ ನಿಲ್ದಾಣ ಸುಮಾರು 3,950 ಮೀಟರ್. ನಮ್ಮ ಕೊಡಚಾದ್ರಿಯ ಮೇಲೆ ಇನ್ನೊಂದು ಕೊಡಚಾದ್ರಿ, ಅದರ ಮೇಲೆ ಮತ್ತೂ ಒಂದನ್ನು ಪೇರಿಸಿದರೆ ಅಲ್ಲಿಗೆ ಮುಟ್ಟಬಹುದು.

ಆ ಶನಿವಾರದ ವಿಶೇಷವೆಂದರೆ ಹುಡಿಹಿಮ. ಯಂತ್ರದಿಂದ ತಟ್ಟಿ ಮಟ್ಟಮಾಡಿದ ಹಿಮದ ಮೇಲೆ ಜಾರುವುದು ಡಾಮರು ರಸ್ತೆಯಲ್ಲಿ ಸೈಕಲ್ಲು ಹೊಡೆದ ಹಾಗೆ. ಕಟುಚಳಿಯಲ್ಲಿ ಹೊಸದಾಗಿ ಬಿದ್ದು ಯಾರ ಕಾಲೂ ಸೋಕದ ಒಣ ಹಿಮದ ಮಾತೇ ಬೇರೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ. ಜರಡಿ ಹಿಡಿದ ಅಕ್ಕಿಹುಡಿಯಂತೆ ಬೆರಳ ಸಂದಿಯಲ್ಲಿ ಸೋರಿಹೋಗುತ್ತದೆ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ. ಇಂಥ ಹಿಮ ಹದಿನೈದು ಅಂಗುಲ ಕರಗಿದರೆ ಒಂದಂಗುಲ ನೀರು ಸಿಕ್ಕೀತು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಎಂದು ಲೆಕ್ಕ. ಅದಷ್ಟೂ ಹುಡಿಹಿಮವಾಗಿ ಬಿದ್ದರೆ ಅರವತ್ತು ಮೀಟರ್ ಎತ್ತರವಾಗುತ್ತದೆ. ನಮ್ಮ ಪಂಚಲಿಂಗೇಶ್ವರ ದೇವಸ್ಥಾನದ ಮಾಡಲ್ಲ, ಊರಿನ ತೆಂಗಿನ ತಲೆಯೂ ಕಾಣದು. ಬ್ಯಾಂಕಿನವನಾದ್ದರಿಂದ ಈ ಲೆಕ್ಕವನ್ನು ಗಂಡೋಲಾದಲ್ಲೇ ಕೂತು ಮಾಡಿ ಮಗಳಿಗೆ ಹೇಳಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ನಮ್ಮೊಡನೆ ತಂಗ್‌ಮಾರ್ಗಿನ ಒಬ್ಬ ತರುಣನಿದ್ದ. ಇಪ್ಪತ್ತೆರಡು ವರ್ಷದ ಗುರು. ಕೊಂಗ್‌ದೂರಿನಿಂದ ಕೆಳಕ್ಕೆ ದೇವದಾರು ಮೊದಲಾದ ಮರಗಳ ಅಂಚಿನಲ್ಲಿ ಇಳಿಜಾರು ಕಡಿಮೆಯಿರುವ ಕಡೆ ನಮ್ಮನ್ನು ಕರೆದೊಯ್ದ. ಮೊದಲು ಮಗಳನ್ನು ಬಿಟ್ಟ. ಅವಳು ಹೊರಟ ಮೇಲೆ ಸದ್ದೇ ಇಲ್ಲ! ಗಟ್ಟಿ ಹಿಮದಲ್ಲಾದರೆ ಕರಕರ ಕೆರೆಯುವ ಶಬ್ದವಿರುತ್ತದೆ. ಇಲ್ಲಿ ಮೊಣಕಾಲಿನವರೆಗೆ ಬಿಳಿಯ ಹೊಗೆ. ಅದರ ಮೇಲೆ ಕೆಂಪು ಅಂಗಿಯ ಅರ್ಧ ಹುಡುಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೇಲಿಕೊಂಡು ಹೋಗುವುದು. ಹಿಂದೆ ಹಿಮದ ಮೇಲೆ ಹಾವು ಹರಿದಂತೆ ಒಂದೇ ಗೆರೆ.

ಅನಂತರ ನಾನು. ನನ್ನ ಗೆರೆಯನ್ನು ಹಾವಿಗೆ ಹೋಲಿಸುವಂತಿರಲಿಲ್ಲ. ಇಳಿಜಾರನ್ನು ಕಂಡೊಡನೆ ಮನುಷ್ಯ ಹಿಂದಕ್ಕೆ ವಾಲುತ್ತಾನೆ, ಅದು ಹುಟ್ಟುಗುಣ. ಹಿಂದಕ್ಕೆ ವಾಲಿದರೆ ಹಲಗೆಯ ಮೂತಿ ಮಾತು ಕೇಳುವುದಿಲ್ಲ. ಒಂದು ಕಾಲಿಗೆ ಹೆಚ್ಚು ಭಾರ ಕೊಟ್ಟರೆ ಆ ಕಾಲು ಮುಳುಗುತ್ತದೆ, ಇನ್ನೊಂದು ತನ್ನ ದಾರಿ ಹಿಡಿಯುತ್ತದೆ. ನಾನು ಎರಡನ್ನೂ ಒಟ್ಟಿಗೆ ಮಾಡಿದೆ. ಬಿದ್ದದ್ದು ನೋವಾಗಲಿಲ್ಲ, ಹತ್ತಿಯ ರಾಶಿಗೆ ಬಿದ್ದಂತಿತ್ತು. ಏಳುವುದೇ ಕಷ್ಟ. ಕೈ ಊರಿದರೆ ಭುಜದವರೆಗೆ ಇಳಿದುಹೋಗುತ್ತದೆ; ಊರಲಿಕ್ಕೆ ನೆಲವೇ ಇಲ್ಲ. ಮೇಲಾಗಿ ಒಂದು ಹಲಗೆ ಕಾಲಿನಿಂದ ಕಳಚಿಕೊಂಡು ಹಿಮದೊಳಗೆ ಎಲ್ಲಿಯೋ ಸೇರಿತ್ತು.

"ಎಂತ ಆಯ್ತ್ ಅಪ್ಪಯ್ಯ?" ಎಂದು ಕೆಳಗಿನಿಂದ ಕೂಗು. ಆಕೆ ಹಲಗೆ ಅಡ್ಡಹಿಡಿದು ಹೆಜ್ಜೆಹೆಜ್ಜೆಯಾಗಿ ಮೇಲಕ್ಕೆ ಹತ್ತಿಬಂದಳು. ಎರಡು ಕೋಲುಗಳನ್ನು ಗುಣಿಸುವ ಗುರುತಿನಂತೆ ಹಿಮದ ಮೇಲಿಟ್ಟು ಅದರ ಮೇಲೆ ಕೈಯೂರಿ ಏಳಬೇಕೆಂದು ತೋರಿಸಿದಳು. ಆಮೇಲೆ ಮೂವರೂ ಕೋಲಿನಿಂದ ಹಿಮವನ್ನು ಇರಿಯುತ್ತ ಕಳೆದ ಹಲಗೆಯನ್ನು ಹುಡುಕಿದೆವು. ಕಾಲುಗಂಟೆ ಹಿಡಿಯಿತು. ನಾನು ಬಿದ್ದ ಜಾಗಕ್ಕಿಂತ ಎರಡು ಮಾರು ಮೇಲೆಯೇ ಅದು ಅಡಗಿತ್ತು.

"ಹಿಂದೆ ವಾಲ್ಬೇಡಿ ಅಪ್ಪಯ್ಯ. ಎರಡು ಕಾಲೂ ಒಂದೇ ಕಾಲು ಅಂತ ಎಣಿಸ್ಕಣಿ" ಎಂದಳು ಗುರುವಿನ ಗುರು.

ಎಂಟನೆಯದೋ ಒಂಬತ್ತನೆಯದೋ ಪ್ರಯತ್ನದಲ್ಲಿ ಅದು ನನಗೆ ಒಲಿಯಿತು. ಹೆಚ್ಚೆಂದರೆ ಹನ್ನೆರಡು ಸೆಕೆಂಡು. ಕಾಲ ಕೆಳಗೆ ನೆಲವಿದೆಯೆಂಬುದು ಮರೆತುಹೋಯಿತು. ಮೇಲೇಳುವುದು, ಇಳಿಯುವುದು, ಮತ್ತೆ ಮೇಲೇಳುವುದು. ದೋಣಿ ಅಲೆಯ ಮೇಲೆ ಹೋದಂತೆ. ಹಿಮದ ಹುಡಿ ಎದ್ದು ಮುಖಕ್ಕೆ ಹೊಡೆದಾಗ ತಂದೆಯ ಕಾಲುಗಳ ನಡುವೆ ಹಲಗೆಯ ಮೇಲೆ ಕೂತ ಆ ಕೆಸರಿನ ರುಚಿ ನಾಲಿಗೆಗೆ ಬಂತು. ಗಟ್ಟಿಯಾಗಿ ನಕ್ಕುಬಿಟ್ಟೆನೆಂದು ಮಗಳು ಆಮೇಲೆ ಹೇಳಿದಳು. ಕಚೇರಿಯಲ್ಲಿ ನನ್ನ ನಗುವನ್ನು ಕೇಳಿದವರು ಕಡಿಮೆ.

ಆ ರಾತ್ರಿ ಗುಲ್ಮಾರ್ಗಿನಲ್ಲೇ ಉಳಿದೆವು. ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾ ಕುಡಿಯುತ್ತ ನಮ್ಮ ತರುಣ ಗುರು ತಮ್ಮೂರಿನ ಆರಿಫ್ ಖಾನರ ವಿಷಯ ಹೇಳಿದ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿಗೆ ಭಾರತದಿಂದ ಹೋದವರು ಅವರೊಬ್ಬರೇ. ಗುಲ್ಮಾರ್ಗಿನಲ್ಲಿ ಸ್ಕೀ ಸಲಕರಣೆಯ ಅಂಗಡಿಯಿಟ್ಟಿದ್ದ ತಂದೆಯೇ ಅವರನ್ನು ನಾಲ್ಕು ವರ್ಷದ ಮಗುವಾಗಿದ್ದಾಗ ಹಲಗೆಯ ಮೇಲೆ ನಿಲ್ಲಿಸಿದ್ದು. 2018ರಲ್ಲಿ ತುರ್ಕಿಯಲ್ಲಿ ಕಂಚು ಗೆದ್ದು ಈ ಆಟದಲ್ಲಿ ದೇಶಕ್ಕೆ ಮೊದಲ ಅಂತಾರಾಷ್ಟ್ರೀಯ ಪದಕ ತಂದ ಮನಾಲಿಯ ಆಂಚಲ್ ಠಾಕೂರರಿಗೂ ದಾರಿ ತೋರಿದವರು ತಂದೆಯೇ. ಈ ವಿದ್ಯೆ ಮನೆತನದ ವಿದ್ಯೆಯಂತೆ ಇಳಿದುಬರುವುದು ಹಿಂದಿನಿಂದಲೂ ಉಂಟು. ಇಂಗ್ಲಿಷರ ಹೆನ್ರಿ ಲನ್ ಸ್ವಿಟ್ಸರ್ಲೆಂಡಿಗೆ ಚಳಿಗಾಲದ ಪ್ರವಾಸಿಗಳನ್ನು ಕರೆತಂದವನು. ಅವನ ಮಗ ಅರ್ನಾಲ್ಡ್ ಲನ್ 1922ರಲ್ಲಿ ಮ್ಯೂರೆನ್ ಎಂಬ ಊರಿನಲ್ಲಿ ಬಾವುಟಗಳ ನಡುವೆ ಸುತ್ತಿ ಇಳಿಯುವ ಈಗಿನ 'ಸ್ಲಾಲಂ' ಪಂದ್ಯವನ್ನು ಏರ್ಪಡಿಸಿದವನು. ಅವನ ಮಗ ಪೀಟರ್ 1936ರ ಒಲಿಂಪಿಕ್ಸಿನಲ್ಲಿ ಬ್ರಿಟನ್ ಸ್ಕೀ ತಂಡದ ನಾಯಕ. ಅರ್ನಾಲ್ಡ್ ಲನ್ ಹುಟ್ಟಿದ್ದೆಲ್ಲಿ ಬಲ್ಲಿರಾ? 1888ರಲ್ಲಿ, ಮದರಾಸಿನಲ್ಲಿ! ಆಗ ನಮ್ಮ ಬಾರ್ಕೂರು ಕೂಡ ಮದರಾಸು ಪ್ರಾಂತಕ್ಕೇ ಸೇರಿತ್ತು. ಅಷ್ಟರಮಟ್ಟಿಗೆ ಅವನು ನಮ್ಮ ಪ್ರಾಂತದವನೇ ಎಂದು ನಾನು ಹೇಳಿಕೊಂಡೆ. ಕನ್ನಡನಾಡಿನವರಿಗೂ ಈ ಆಟ ತೀರ ಅಪರಿಚಿತವಲ್ಲ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಗುಲ್ಮಾರ್ಗಿನ ಇದೇ ಹಿಮದಲ್ಲಿ ದೂರ ಓಟದ ಸ್ಕೀಯಲ್ಲಿ ಪದಕಗಳನ್ನು ಗೆದ್ದವರು. ಇದೆಲ್ಲವನ್ನೂ ಕೇಳಿ ಮಗಳು, "ಹಾಗಾದರೆ ನಾಳೆ ಮೇಲೆ ಹೋಗೋಣ" ಎಂದಳು. ಮೇಲೆ ಎಂದರೆ ಅಫರ್ವತ್.

ಭಾನುವಾರ ಬೆಳಿಗ್ಗೆ ಆಕಾಶ ಕವಿದುಕೊಂಡಿತ್ತು. ಗಾಳಿಗೆ ಹಿಂದಿನ ದಿನದ ನಿಶ್ಶಬ್ದವಿರಲಿಲ್ಲ. ಇಲ್ಲಿ ಹಿಮಪಾತದ ವಿಷಯ ಎರಡು ಮಾತು ಹೇಳಬೇಕು. ಹೊಸ ಹಿಮ ಹಳೆಯ ಹಿಮಕ್ಕೆ ಕೂಡಲೇ ಅಂಟಿಕೊಳ್ಳುವುದಿಲ್ಲ. ಗಾಳಿ ಅದನ್ನು ಒಂದೆಡೆ ಒಟ್ಟಿ ಚಪ್ಪಡಿಯಂತೆ ಮಾಡುತ್ತದೆ; ಅಡಿಯಲ್ಲಿ ಸಡಿಲವಾದ ಪದರವಿದ್ದರೆ ಒಬ್ಬ ಮನುಷ್ಯನ ಭಾರಕ್ಕೇ ಇಡೀ ಚಪ್ಪಡಿ ಬಿರಿದು ಜಾರುತ್ತದೆ. ಮೂವತ್ತರಿಂದ ನಲವತ್ತೈದು ಡಿಗ್ರಿ ಇಳಿಜಾರಿನಲ್ಲಿ ಇದು ಹೆಚ್ಚು. ಸ್ಕೀ ಆಡುವವರಿಗೆ ರುಚಿಯಾದ ಇಳಿಜಾರೂ ಅದೇ ಎಂಬುದು ಈ ಆಟದ ಸಂಕಟ. ಹೂತುಹೋದವನನ್ನು ಕಾಲುಗಂಟೆಯೊಳಗೆ ತೆಗೆದರೆ ಬದುಕುವ ಆಸೆ ಹೆಚ್ಚು; ಆಮೇಲೆ ಅದು ಬೇಗ ಬೇಗ ಕುಗ್ಗುತ್ತದೆ. ಕಾಲುಗಂಟೆ ಎಂದೊಡನೆ ನನಗೆ ಹಿಂದಿನ ದಿನದ ಹಲಗೆ ನೆನಪಾಯಿತು. ಮೂವರು, ಮೂರು ಕೋಲು, ಎರಡು ಮಾರು ದೂರ. ಒಂದು ಹಲಗೆಯನ್ನು ಹುಡುಕಲು ಹಿಡಿದದ್ದು ಅಷ್ಟೇ ಹೊತ್ತು.

ಗುರುವನ್ನು ಕೇಳಿದೆ. ಗಂಡೋಲಾ ಬಿಟ್ಟರೆ ಮಗಳನ್ನು ತಾನು ಒಯ್ಯಬಲ್ಲೆ, ಅಪಾಯವಿದ್ದ ಕಡೆಗೆ ಹೋಗುವುದಿಲ್ಲ, ಆದರೆ ನೀವು ಬರುವುದು ಬೇಡ ಎಂದ. ಹೇಳಿದ್ದು ನ್ಯಾಯವೇ. ನಾನು ಮಗಳ ಮುಖ ನೋಡಿದೆ. ಅವಳಾಗಲೇ ಬೂಟಿನ ಕೊಂಡಿ ಬಿಗಿಯುತ್ತಿದ್ದಳು.

ಬಾರ್ಕೂರಿನವರಿಗೆ ಒಂದು ಹಳೆಯ ಕಥೆ ಉಂಟು. ನಿಮ್ಮಲ್ಲಿ ಬಹಳ ಮಂದಿ ಬಲ್ಲಿರಿ. ದೇವಪಾಂಡ್ಯನೆಂಬ ಅರಸು ಹಡಗು ಕಟ್ಟಿಸಿ ನೀರಿಗಿಳಿಸಹೊರಟಾಗ ಕುಂಡೋದರನೆಂಬ ಭೂತ ಅಡ್ಡಬಂದು ನರಬಲಿ ಕೇಳಿತಂತೆ. ಅರಸನ ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಕೊಡಲು ಒಪ್ಪಲಿಲ್ಲ. ಸಹೋದರಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ತಂದು ನಿಲ್ಲಿಸಿದಳು. ಭೂತ ಮೆಚ್ಚಿ ಬಲಿಯನ್ನೇ ಬಿಟ್ಟುಕೊಟ್ಟಿತು. ಆ ಹುಡುಗನೇ ಭೂತಾಳಪಾಂಡ್ಯನಾಗಿ ಬಾರ್ಕೂರನ್ನು ಆಳಿದ. ಆಸ್ತಿ ಮಗನಿಗಲ್ಲ, ಸಹೋದರಿಯ ಮಗನಿಗೆ ಎಂಬ ಅಳಿಯಸಂತಾನದ ಕಟ್ಟು ಅಂದಿನಿಂದ ಬಂತು. ಇತಿಹಾಸಕಾರರು ಇದನ್ನು ಚರಿತ್ರೆ ಎನ್ನುವುದಿಲ್ಲ, ಇರಲಿ. ಕಥೆ ಹೇಳುವವರೆಲ್ಲ ಸತ್ಯವತಿಯನ್ನು ಹೊಗಳುತ್ತಾರೆ. ನನಗೆ ಮಾತ್ರ ಚಿಕ್ಕಂದಿನಿಂದ ಆ ರಾಣಿಯ ಮೇಲೆ ಕರುಣೆ. ಹಡಗು ಹೋಗದಿದ್ದರೆ ಹೋಯಿತು, ಮಗುವನ್ನು ಕೊಡೆನೆಂದವಳಲ್ಲಿ ತಪ್ಪೇನು?

ಗಂಡೋಲಾದ ಬುಡದಲ್ಲಿ ಆ ಕಥೆ ನೆನಪಾದದ್ದೂ, "ಇವತ್ತು ಬೇಡ ಮಗಾ" ಎಂದದ್ದೂ ಒಟ್ಟಿಗೇ ಆಯಿತು.

ಅವಳು ಜಗಳವಾಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಬೂಟಿನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಕೆಳಗಿನ ಸಣ್ಣ ಇಳಿಜಾರಿನಲ್ಲಿ ಎರಡು ಸಲ ಜಾರಿ ಸಾಕೆಂದಳು. ಮಧ್ಯಾಹ್ನವೇ ಹೊರಟೆವು. ತಂಗ್‌ಮಾರ್ಗಿನವರೆಗೆ ಮೌನ. ದಾರಿ ಕಳೆಯಲೆಂದು ನಾನು ಭೂತಾಳಪಾಂಡ್ಯನ ಕಥೆ ಹೇಳಿದೆ. ನನ್ನ ರಾಣಿಯ ಪಕ್ಷವನ್ನೂ ಸೇರಿಸಿಯೇ ಹೇಳಿದೆ. ಪೂರ್ತಿ ಕೇಳಿದ ಮೇಲೆ ಅವಳು ಒಂದೇ ಪ್ರಶ್ನೆ ಹಾಕಿದಳು: "ಆ ಹುಡ್ಗನ ಹತ್ರ ಯಾರಾರೂ ಕೇಂಡ್ರಾ ಅಪ್ಪಯ್ಯ?"

ಕೇಳಲಿಲ್ಲ. ಕೊಟ್ಟವಳೂ ಕೇಳಲಿಲ್ಲ, ಕೊಡದವಳೂ ಕೇಳಲಿಲ್ಲ. ಇಷ್ಟು ವರ್ಷ ಆ ಕಥೆ ಕೇಳಿದ ನನಗೂ ಇದು ಹೊಳೆದಿರಲಿಲ್ಲ.

ಫೆಬ್ರವರಿ 1, ಬುಧವಾರ, ಅಫರ್ವತ್ತಿನಲ್ಲಿ ಹಿಮಪಾತವಾಯಿತು. ಸ್ಕೀ ಆಡಲು ಹೋಗಿದ್ದ ವಿದೇಶೀಯರಲ್ಲಿ ಪೋಲೆಂಡಿನ ಇಬ್ಬರು ತೀರಿಕೊಂಡರು. ಉಳಿದವರನ್ನು ಪೋಲೀಸರೂ ಸ್ಥಳೀಯರೂ ಕೂಡಿ ಪಾರುಮಾಡಿದರು. ಮಧ್ಯೆ ಬಹಳ ಹಿಮ ಬಿದ್ದಿತ್ತು. ಭಾನುವಾರದ ಬೆಟ್ಟ ಬೇರೆ, ಬುಧವಾರದ ಬೆಟ್ಟ ಬೇರೆ. ನಾನು ಭಾನುವಾರ ಬೇಡವೆಂದದ್ದು ಜಾಣತನದಿಂದಲ್ಲ, ಹೆದರಿಕೆಯಿಂದ. ಅಂದು ಅವಳು ಗುರುವಿನೊಡನೆ ಹೋಗಿ ಸುಖವಾಗಿ ಇಳಿದುಬರುತ್ತಿದ್ದಳೆಂದೇ ಈಗಲೂ ನನ್ನ ಲೆಕ್ಕ. ಸುದ್ದಿ ಬಂದ ಸಂಜೆ ಹೆಂಡತಿ ನನ್ನನ್ನು ಹೊಗಳಿದಳು. ಆ ಹೊಗಳಿಕೆಯನ್ನು ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮಗಳು ಪತ್ರಿಕೆಯನ್ನು ಎರಡು ಸಲ ಓದಿ ಮಡಿಸಿಟ್ಟು, "ಅವರ ಮನೆಯಲ್ಲಿ ಯಾರಿದ್ದರೋ" ಎಂದಳು. ಅಷ್ಟೇ.

ಆಮೇಲೆ ನಮ್ಮಿಬ್ಬರೊಳಗೆ ಒಂದು ಕರಾರಾಯಿತು. ಬೇಡವೆನ್ನುವ ಅಧಿಕಾರ ನನಗುಂಟು. ಆದರೆ ಮೊದಲು ಅವಳನ್ನು ಕೇಳಬೇಕು. ಇಳಿಜಾರು ಎಷ್ಟು ಡಿಗ್ರಿ, ಹಿಮ ಬಿದ್ದು ಎಷ್ಟು ದಿನ, ಗಾಳಿ ಯಾವ ದಿಕ್ಕಿನದು ಎಂದು ನಾನು ಕೇಳಬೇಕು, ಅವಳು ಉತ್ತರ ಕೊಡಬೇಕು. ಉತ್ತರ ಸರಿಯಿದ್ದರೆ ನಾನು ಸುಮ್ಮನಿರಬೇಕು. ಫೆಬ್ರವರಿಯಲ್ಲಿ ಎರಡು ವಾರಾಂತ್ಯ ಕೊಂಗ್‌ದೂರಿನ ಮರಗಳ ಅಂಚಿಗೆ ಹೋದೆವು. ಅದರಲ್ಲೊಮ್ಮೆ ನಾನು ಹೋಗೋಣವೆಂದಾಗ ಅವಳೇ ಬೇಡವೆಂದಳು. ನಾನು ಬೂಟಿನ ಕೊಂಡಿ ಬಿಚ್ಚಿದೆ.

ಮರುವರ್ಷ, 2024ರ ಜನವರಿಯ ಎರಡನೆಯ ಶನಿವಾರ, ಹುರುಪಿನಿಂದ ಗುಲ್ಮಾರ್ಗಿಗೆ ಹೋದರೆ ಹಿಮವೇ ಇಲ್ಲ! ಆ ಚಳಿಗಾಲದಲ್ಲಿ ಜನವರಿಯ ಕೊನೆಯವರೆಗೂ ಅಲ್ಲಿ ಸರಿಯಾದ ಹಿಮ ಬೀಳಲಿಲ್ಲವೆಂಬುದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಬಾಡಿಗೆಯ ಹಲಗೆಗಳು ಅಂಗಡಿಯ ಗೋಡೆಗೆ ಒರಗಿ ಕೂತಿದ್ದವು. ಜಾರುಬಂಡಿ ಎಳೆಯುವವರು ಬಂಡಿಯ ಮೇಲೆ ತಾವೇ ಕೂತು ಬಿಸಿಲು ಕಾಯುತ್ತಿದ್ದರು. ಅವರ ವರ್ಷದ ಸಂಪಾದನೆ ಆ ಒಣಹುಲ್ಲಿನಲ್ಲಿ ಹೋಯಿತು. ನಮ್ಮ ಗುರುವೂ ಕೈಕಟ್ಟಿ ನಿಂತಿದ್ದ. ಕಂದುಬಣ್ಣದ ಹುಲ್ಲಿನ ಇಳಿಜಾರು ಬರಿದಾಗಿ ಮಲಗಿತ್ತು. ನಾವಿಬ್ಬರೂ ಅದರ ನೆತ್ತಿಯವರೆಗೆ ನಡೆದು ಹೋಗಿ ನಿಂತೆವು. ಮಗಳು ಕೆಳಗೆ ನೋಡಿದಳು, ಬಗ್ಗಿ ಹುಲ್ಲನ್ನು ಅಂಗೈಯಿಂದ ಸವರಿದಳು. ಚೆನ್ನಾಗಿ ನುಣುಪಾಗಿತ್ತು.

"ಅಪ್ಪಯ್ಯ, ಒಂದ್ ಹಾಳಿ ಇದ್ದಿರೆ ಸಾಕಿತ್ತ್" ಎಂದಳು.